ತಿರುವಯ್ಯಾರು ಚೆನ್ನೈಗೆ ಬಂತು, ನಂಜನಗೂಡಿನ ನಾಗರತ್ನಮ್ಮ ಅಲ್ಲೇ ಉಳಿದರು

ಅಡ್ಯಾರಿನಿಂದ ಮಾತಾಡ್ತಾ ಇದ್ದೀನಿ. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ತಿದ್ದಿ, ಅಲ್ಲಿ ಸಮಯ ಸಾಲದೆ ಬಿಟ್ಟಿದ್ದನ್ನು ಸೇರಿಸಿ ಬರೆದಿದ್ದೇನೆ.

2023ರ ಜನವರಿಯಲ್ಲಿ ಲೊಲ್ಲಾಪಲೂಜಾ ಮುಂಬೈಗೆ ಬಂದಾಗ ನಮ್ಮ ಟೀಮಿನ ಹುಡುಗರು ರಜೆ ಹಾಕಿ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಹೋಗಿದ್ರು. 1991ರಲ್ಲಿ ಅಮೆರಿಕದಲ್ಲಿ ಶುರುವಾದ ಉತ್ಸವ ಅದು. ವಾಪಸ್ ಬಂದ ಮೇಲೆ ಕ್ಯಾಂಟೀನಿನಲ್ಲಿ ಒಂದೇ ವಾದ: ಊರು ಬದಲಾದ ಮೇಲೆ ಉತ್ಸವ ಅದೇ ಆಗಿರುತ್ತಾ, ಬರೀ ಹೆಸರು ಮಾತ್ರ ಬಂದಿರುತ್ತಾ? ನಮ್ಮ ದಕ್ಷಿಣದಲ್ಲಿ ಈ ವಾದ ಹೊಸದಲ್ಲ. ಹೊಳೆ ದಡದ ಬಯಲಲ್ಲಿ ಚಪ್ಪರ ಹಾಕಿ ನಡೆಸುವ ದೊಡ್ಡ ಸಂಗೀತೋತ್ಸವವೊಂದು 2005ರ ಡಿಸೆಂಬರಿನಲ್ಲಿ ತನ್ನ ಊರಿನ ಹೆಸರನ್ನೂ ಹೊತ್ಕೊಂಡು ಇನ್ನೊಂದು ಊರಿಗೆ ಬಂತು. 'ಚೆನ್ನೈಯಿಲ್ ತಿರುವಯ್ಯಾರು', ಅಂದ್ರೆ ಚೆನ್ನೈನಲ್ಲಿ ತಿರುವಯ್ಯಾರು. ಆ ಕಥೆ ಹೇಳಬೇಕಾದ್ರೆ ನಂಜನಗೂಡಿನಿಂದ ಶುರು ಮಾಡಬೇಕು.

ಮೊದಲು ಮೂಲ ಉತ್ಸವದ ವಿಷಯ. ತ್ಯಾಗರಾಜರು ತೀರಿಕೊಂಡಿದ್ದು 1847ರ ಜನವರಿಯಲ್ಲಿ, ಪುಷ್ಯ ಬಹುಳ ಪಂಚಮಿಯಂದು. ಸಮಾಧಿ ಆಗಿದ್ದು ತಂಜಾವೂರಿನ ಹತ್ತಿರದ ತಿರುವಯ್ಯಾರಿನಲ್ಲಿ, ಕಾವೇರಿ ದಡದಲ್ಲಿ. ಶಿಷ್ಯರು ತಂತಮ್ಮ ಊರುಗಳಲ್ಲಿ ತಿಥಿ ಮಾಡ್ತಾ ಬಂದರು, ಆದರೆ ಸಮಾಧಿ ಪಾಳು ಬಿತ್ತು. 1903ರಲ್ಲಿ ಉಮಯಾಳ್‌ಪುರಂನ ಶಿಷ್ಯರು ಬಂದು ಒಂದಿಷ್ಟು ದುರಸ್ತಿ ಮಾಡಿಸಿದರು. ಕೆಲವು ವರ್ಷಗಳಲ್ಲಿ ಅಲ್ಲಿ ಸಂಗೀತದ ಆರಾಧನೆ ಶುರುವಾಯಿತು, ಶುರುವಾದ ಸ್ವಲ್ಪ ದಿನಕ್ಕೇ ಒಡೆದೂ ಹೋಯಿತು. ಪೆರಿಯ ಕಟ್ಚಿ, ಚಿನ್ನ ಕಟ್ಚಿ, ಅಂದ್ರೆ ದೊಡ್ಡ ಪಾರ್ಟಿ, ಚಿಕ್ಕ ಪಾರ್ಟಿ. ಒಂದರ ಉತ್ಸವ ಆರಾಧನೆಯ ದಿನಕ್ಕೆ ಮುಗೀತಿತ್ತು, ಇನ್ನೊಂದರದು ಅವತ್ತು ಶುರುವಾಗ್ತಿತ್ತು. ನಮ್ಮ ಕನ್ನಡ ಸಂಘಗಳಲ್ಲಿ ಎರಡೆರಡು ರಾಜ್ಯೋತ್ಸವ ನಡೆಯೋದನ್ನ ಕಂಡವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಎರಡೂ ಪಾರ್ಟಿಯವರಿಗೆ ಒಪ್ಪಿಗೆ ಇದ್ದ ವಿಷಯ ಒಂದಿತ್ತು: ಹೆಂಗಸರು ಅಲ್ಲಿ ಹಾಡೋ ಹಾಗಿಲ್ಲ.

ಈಗ ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ, ದೇವದಾಸಿ ಮನೆತನ. ಮೈಸೂರಿನಲ್ಲಿ ಗಿರಿಭಟ್ಟ ತಿಮ್ಮಯ್ಯನವರ ಹತ್ತಿರ ಪಾಠ, ಆಮೇಲೆ ಬೆಂಗಳೂರಿನಲ್ಲಿ ಮುನುಸ್ವಾಮಪ್ಪನವರ ಹತ್ತಿರ ಸಂಗೀತ. ಮುನುಸ್ವಾಮಪ್ಪ ವಾಲಾಜಾಪೇಟೆ ಪರಂಪರೆಯವರು, ಹಾಗಾಗಿ ತ್ಯಾಗರಾಜರ ಕೃತಿಗಳು ನೇರ ಶಿಷ್ಯ ಸಾಲಿನಿಂದಲೇ ಬಂದವು. ಬೆಂಗಳೂರಿನ ಹನುಮಂತನಗರದ ಕಡೆಯವರಿಗೆ ನರಹರಿರಾಯರ ಗುಡ್ಡ ಗೊತ್ತಿರುತ್ತೆ. ಆ ನ್ಯಾಯಮೂರ್ತಿ ನರಹರಿರಾಯರೇ ಇವರಿಗೆ ಆಶ್ರಯದಾತರಾಗಿದ್ದವರು. ಆಮೇಲೆ ಮದ್ರಾಸಿಗೆ ಬಂದರು. ಒಳ್ಳೆಯ ಅವಕಾಶ ಹುಡುಕಿಕೊಂಡು ಬೆಂಗಳೂರು ಬಿಟ್ಟು ಇಲ್ಲಿ ಮನೆ ಮಾಡೋದು ನಮ್ಮಿಂದ ಶುರುವಾಗಿದ್ದಲ್ಲ ನೋಡಿ.

ಮದ್ರಾಸಿನಲ್ಲಿ ಹೆಸರೂ ಬಂತು, ದುಡ್ಡೂ ಬಂತು, ಜೊತೆಗೆ ಜಗಳವೂ. 1910ರಲ್ಲಿ 'ರಾಧಿಕಾ ಸಾಂತ್ವನಮು' ಅನ್ನುವ ತೆಲುಗು ಶೃಂಗಾರ ಕಾವ್ಯವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದರು. ಬರೆದವಳು ಮುದ್ದುಪಳನಿ, 18ನೇ ಶತಮಾನದ ತಂಜಾವೂರು ಆಸ್ಥಾನದ ಗಣಿಕೆ. ಮುಂಚಿನ ಮುದ್ರಣದಲ್ಲಿ ಪದ್ಯಗಳನ್ನು ಕತ್ತರಿಸಿದ್ದರು, ಕವಿಯ ಹಿನ್ನೆಲೆಯನ್ನು ಮುಚ್ಚಿಟ್ಟಿದ್ದರು. ಇವರು ಎಲ್ಲವನ್ನೂ ವಾಪಸ್ ಹಾಕಿದರು. ಸರ್ಕಾರ ಅಶ್ಲೀಲ ಅಂತ ಪುಸ್ತಕ ನಿಷೇಧಿಸಿತು. ನಿಷೇಧ ತೆಗೆದಿದ್ದು 1947ರಲ್ಲಿ. ಇದನ್ನ ಯಾಕೆ ಹೇಳಿದೆ ಅಂದ್ರೆ, ಅಳಿಸಿ ಹೋಗಿದ್ದನ್ನು ಸ್ವಂತ ಖರ್ಚು, ಸ್ವಂತ ಹಟದಿಂದ ವಾಪಸ್ ತರುವ ಅಭ್ಯಾಸ ಇವರಿಗೆ ಸಮಾಧಿಯ ಕೆಲಸಕ್ಕಿಂತ ಮೊದಲೇ ಇತ್ತು.

1921ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ಕಾಗದ ಬಂತು. ತಿರುವಯ್ಯಾರಿಗೆ ಹೋಗಿದ್ದೆ, ಸಮಾಧಿಯ ಸ್ಥಿತಿ ನೋಡೋ ಹಾಗಿಲ್ಲ ಅನ್ನೋದು ಅದರ ಸಾರ. ಕೃಷ್ಣಪ್ಪ ಅಂದ್ರೆ ಪಿಟೀಲು ಚೌಡಯ್ಯನವರ ಗುರುಗಳು. ನಾಗರತ್ನಮ್ಮ ಹೊರಟೇಬಿಟ್ಟರು. ಸುತ್ತಲಿನ ಜಾಗ ಪಡೆದರು, ಒಡವೆ ಮಾರಿದರು, ಗುಡಿ ಕಟ್ಟಿಸಿದರು, ತ್ಯಾಗರಾಜರ ಮೂರ್ತಿ ಮಾಡಿಸಿದರು. 1926ರ ಜನವರಿಯಲ್ಲಿ ಪ್ರತಿಷ್ಠೆ ಆಯಿತು. ಗುಡಿ ಕಟ್ಟಿಸಿದವರೇ ಒಳಗೆ ಹಾಡಬೇಕು ಅಂದಾಗ ಎರಡೂ ಪಾರ್ಟಿಯವರು ಆಗಲ್ಲ ಅಂದರು.

ಇವರು ಬೇರೆ ದೇವದಾಸಿ ಕಲಾವಿದೆಯರನ್ನು ಕೂಡಿಸಿ ಅದೇ ಜಾಗದ ಹಿಂಬದಿಯಲ್ಲಿ ಮೂರನೇ ಉತ್ಸವ ಶುರು ಮಾಡಿದರು. ಜನ ಅದನ್ನ 'ಪೆಣ್ಗಳ್ ಕಟ್ಚಿ', ಹೆಂಗಸರ ಪಾರ್ಟಿ ಅಂದರು. ಒಂದೇ ಸಮಾಧಿಗೆ ಮೂರು ಪಾರ್ಟಿ! 1940ರ ಹೊತ್ತಿಗೆ ಮುಸಿರಿ ಸುಬ್ರಮಣ್ಯ ಅಯ್ಯರ್, ಐಸಿಎಸ್ ಅಧಿಕಾರಿ ಎಸ್.ವೈ. ಕೃಷ್ಣಸ್ವಾಮಿ ಮುಂತಾದವರು ಓಡಾಡಿ ಮೂರನ್ನೂ ಒಂದು ಮಾಡಿದರು. ಹೆಂಗಸರು ಅಧಿಕೃತವಾಗಿ ಒಳಗೆ ಬಂದರು. ಮನಸ್ಸು ಬದಲಾಗಿದ್ದರಿಂದ ಹೀಗಾಯಿತು ಅಂತ ಹೇಳೋರಿದ್ದಾರೆ. ನನಗೆ ಅನಿಸೋದು ಬೇರೆ. ಕಾಲಿಟ್ಟ ನೆಲ, ಕೈಮುಗಿದ ಗುಡಿ ಎರಡರ ಹಿಂದೆಯೂ ಆಕೆಯ ದುಡ್ಡಿತ್ತು. ಜಾಗ ಅವರ ಕೈಯಲ್ಲಿ ಇಲ್ಲದೇ ಹೋಗಿದ್ದಿದ್ರೆ ಮೂರನೇ ಪಾರ್ಟಿಯನ್ನು ರಾಜಿ ಪಂಚಾಯ್ತಿಗೆ ಯಾರೂ ಕರೀತಾನೇ ಇರಲಿಲ್ಲ.

ಒಂದಾದ ಮೇಲೆ ಗಟ್ಟಿಯಾಗಿದ್ದು ಪಂಚರತ್ನ ಕೃತಿಗಳ ಗೋಷ್ಠಿ ಗಾಯನ. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಐದು ಕೃತಿಗಳು. ಎಲ್ಲರೂ ನೆಲದ ಮೇಲೆ ಕೂತು ಒಟ್ಟಿಗೆ ಹಾಡೋದು. ಎಷ್ಟೇ ದೊಡ್ಡ ವಿದ್ವಾಂಸರಿದ್ರೂ ಅಲ್ಲಿ ಒಬ್ಬರ ಕಛೇರಿ ಅಂತ ಇಲ್ಲ, ಸಂಭಾವನೆಯೂ ಇಲ್ಲ. ಉಳಿದ ದಿನಗಳಲ್ಲಿ ನೂರಾರು ಕಲಾವಿದರಿಗೆ ತಲಾ ಕೆಲವೇ ನಿಮಿಷ. ಉತ್ಸವ ಊರು ಬಿಟ್ಟು ಊರಿಗೆ ಹೋಗೋಕೆ ಸಾಧ್ಯವಾಗಿದ್ದು ಈ ಐದು ಕೃತಿಗಳಿಂದಲೇ. ನದಿ ಹೊತ್ಕೊಂಡು ಹೋಗೋಕಾಗಲ್ಲ, ಸಮಾಧಿ ಕಿತ್ಕೊಂಡು ಹೋಗೋಕಾಗಲ್ಲ. ಬಾಯಿಪಾಠ ಇರೋ ಐದು ಕೃತಿ ಹೋಗುತ್ತೆ. ಬೆಂಗಳೂರಿನ ಬಡಾವಣೆ ದೇವಸ್ಥಾನಗಳಲ್ಲಿ ಜನವರಿ ಬಂತು ಅಂದ್ರೆ ಪಂಚರತ್ನದ ಬ್ಯಾನರ್ ಕಾಣೋದು ಅದಕ್ಕೇ.

1978ರಲ್ಲಿ ಇದು ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋಯಿತು. ನಿಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನ ಅಲ್ಲಿಯ ಸ್ಪರ್ಧೆಗೆ ಕರ್ಕೊಂಡು ಹೋಗಿರ್ತೀರಿ. ಒಂದು ದಿನದ ಸಣ್ಣ ಕೂಟ ಈಗ ಹತ್ತು ಹನ್ನೆರಡು ದಿನದ ದೊಡ್ಡ ಉತ್ಸವ. ಆದರೆ ನಡೆಯೋದು ಪುಷ್ಯ ಮಾಸದಲ್ಲಲ್ಲ, ಈಸ್ಟರ್ ಹೊತ್ತಿಗೆ. ಜನವರಿಯ ಹಿಮದಲ್ಲಿ ಯಾರು ಬರ್ತಾರೆ? ಉತ್ಸವ ಊರು ಬದಲಿಸಿದಾಗ ಮೊದಲು ಬದಲಾಗೋದು ತಾರೀಖು. ಪಂಚಾಂಗ ಹೋಗಿ ರಜೆಯ ಕ್ಯಾಲೆಂಡರ್ ಬರುತ್ತೆ. ಮದ್ರಾಸಿನ ಡಿಸೆಂಬರ್ ಸೀಸನ್ನೂ ಹಾಗೇ ಬೆಳೆದಿದ್ದು. 1927ರ ಡಿಸೆಂಬರಿನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು, ಜೊತೆಗೊಂದು ಸಂಗೀತ ಸಮ್ಮೇಳನ ಆಯಿತು, ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು.

2005ರಲ್ಲಿ ತಿರುವಯ್ಯಾರು ಚೆನ್ನೈಗೆ ಬಂದಾಗಲೂ ಡಿಸೆಂಬರಿಗೇ ಬಂತು, 18ರಿಂದ 25ರವರೆಗೆ. ನಡೆಸಿದ್ದು ಹಳೇ ಸಭಾಗಳಲ್ಲ, ಲಕ್ಷ್ಮಣ್ ಶ್ರುತಿ ಅನ್ನುವ ಸಿನಿಮಾ ಹಾಡಿನ ಆರ್ಕೆಸ್ಟ್ರಾದವರು. ಜಾಗ ಮೌಂಟ್ ರೋಡಿನ ಕಾಮರಾಜರ್ ಅರಂಗಂ. ಮೊದಲ ದಿನ ಪಂಚರತ್ನ ಗೋಷ್ಠಿ, ಆಮೇಲೆ ಬೆಳಿಗ್ಗೆಯಿಂದ ರಾತ್ರಿವರೆಗೆ ದೊಡ್ಡ ದೊಡ್ಡ ಹೆಸರಿನವರ ಕಛೇರಿ, ಹೊರಗೆ ತಿಂಡಿ ಮೇಳ. ಶಾಸ್ತ್ರೀಯ ಸಂಗೀತದ ಸಭಾಗಳಲ್ಲಿ ಯಾರನ್ನೋ ಕೇಳಿ ಒಳಗೆ ಹೋಗಬೇಕು ಅನ್ನೋ ಒಂದು ಅಳುಕು ಇರುತ್ತಲ್ಲ, ಅದನ್ನ ಇವರು ಒಡೆದರು. ಸಿನಿಮಾ ಹಾಡು ಕೇಳ್ತಿದ್ದ ಜನ ಕೂಡ ಬಂದು ಕೂತರು. ಇದನ್ನ ಸಣ್ಣದು ಅಂತ ಮೂಗು ಮುರಿಯೋರ ಜೊತೆ ನಾನಿಲ್ಲ. ಆದರೂ ಒಂದು ಮಾತು. ಹೆಸರಿನಲ್ಲಿ ತಿರುವಯ್ಯಾರು ಇದೆ, ಕೂರೋಕೆ ಎಸಿ ಹಾಲಿನ ಕುರ್ಚಿ ಇದೆ, ಕುರ್ಚಿಗೆ ನಂಬರ್ ಇದೆ, ನಂಬರಿಗೆ ಬೆಲೆ ಇದೆ. ನದಿ ದಡದಲ್ಲಿ ಮೇಳದವರಿಗೂ ಕೇಳೋರಿಗೂ ನಡುವೆ ಗೆರೆ ಇಲ್ಲ. ಹಾಲಿನಲ್ಲಿ ವೇದಿಕೆ ನಾಲ್ಕಡಿ ಎತ್ತರ ಇದ್ದೇ ಇರುತ್ತೆ.

ಬಯಲು ಮುಖ್ಯಾನಾ ಅಂತ ಕೇಳಬಹುದು. ಬೆಂಗಳೂರಿನವರಿಗೆ ಇದು ಗೊತ್ತಿರೋದೇ. 1939ರಿಂದ ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿ ಚಪ್ಪರ ಹಾಕಿ ರಾಮನವಮಿ ಸಂಗೀತೋತ್ಸವ ನಡೆಸ್ತಾ ಬಂದಿದೆ. ಫೋರ್ಟ್ ಹೈಸ್ಕೂಲ್ ಮೈದಾನದ ಪೆಂಡಾಲಿನ ಹೊರಗೆ, ರಸ್ತೆ ಬದಿಯಲ್ಲಿ ನಿಂತು ದುಡ್ಡು ಕೊಡದೆ ಎಂಥೆಂಥವರ ಆಲಾಪನೆ ಕೇಳಿದವರು ನಮ್ಮಪ್ಪನ ಪೀಳಿಗೆಯಲ್ಲಿ ಸಾವಿರಾರು ಜನ. ಚಪ್ಪರಕ್ಕೆ ಗೋಡೆ ಇರಲ್ಲ, ಅಷ್ಟೇ ಗುಟ್ಟು.

ಇನ್ನು ನಾನಿರೋ ಅಡ್ಯಾರಿಗೆ ಬರ್ತೀನಿ, ಯಾಕಂದ್ರೆ ನಾಗರತ್ನಮ್ಮನ ಇನ್ನೊಂದು ಜಗಳದ ಗುರುತುಗಳು ಇಲ್ಲೇ ಇವೆ. ಬೆಸೆಂಟ್ ಅವೆನ್ಯೂದಲ್ಲಿ ಅವ್ವೈ ಹೋಮ್ ಇದೆ, ಗಾಂಧಿನಗರದ ಕಡೆ ಹೋದ್ರೆ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್. ಎರಡನ್ನೂ ಕಟ್ಟಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರ ತಾಯಿಯೂ ದೇವದಾಸಿ ಮನೆತನದವರೇ. 1927ರಲ್ಲಿ ಮದ್ರಾಸ್ ಶಾಸನ ಸಭೆಯಲ್ಲಿ ದೇವದಾಸಿ ಪದ್ಧತಿ ನಿಲ್ಲಿಸಬೇಕು ಅಂತ ನಿರ್ಣಯ ತಂದರು. ಎದುರು ನಿಂತ ದೇವದಾಸಿ ಸಂಘದ ಮುಂದಾಳು ನಾಗರತ್ನಮ್ಮ. ನಮ್ಮ ಕಲೆ, ನಮ್ಮ ಆಸ್ತಿ ಹಕ್ಕು, ನಮ್ಮ ಮರ್ಯಾದೆ ಒಟ್ಟಿಗೇ ಹೋಗುತ್ತೆ ಅನ್ನೋದು ಅವರ ಭಯ. ಕಾಯ್ದೆ 1947ರಲ್ಲಿ ಬಂತು. ಹುಡುಗಿಯರನ್ನು ದೇವಸ್ಥಾನಕ್ಕೆ ಬಿಡೋದು ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಾಗರತ್ನಮ್ಮನ ಭಯ ಸುಳ್ಳಾಗಲಿಲ್ಲ ಅನ್ನೋದನ್ನೂ ಹೇಳಬೇಕು. 1936ರಲ್ಲಿ ಇದೇ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯ ತೋಟದಲ್ಲಿ ರುಕ್ಮಿಣಿ ದೇವಿಯವರ ಕಲಾಕ್ಷೇತ್ರ ಶುರುವಾಯಿತು. ಆಮೇಲಾಮೇಲೆ ವೇದಿಕೆ ಮೇಲೆ ಆ ಮನೆತನಗಳ ಹೆಣ್ಣುಮಕ್ಕಳು ಕಮ್ಮಿಯಾಗ್ತಾ ಬಂದರು, ಕಲೆ ಬೇರೆ ಮನೆಗಳಿಗೆ ಹೋಯಿತು.

ಕಲಾಕ್ಷೇತ್ರದಲ್ಲೂ ನಮ್ಮವರೊಬ್ಬರಿದ್ದರು. ಮೈಸೂರು ವಾಸುದೇವಾಚಾರ್ಯರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಮಣ್ಯ ಅಯ್ಯರ್ ಹತ್ತಿರ ಗುರುಕುಲವಾಸ, ಕೊನೆಗಾಲದಲ್ಲಿ ಅಡ್ಯಾರಿನಲ್ಲಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಿದ್ದು. ಅವರ 'ನಾ ಕಂಡ ಕಲಾವಿದರು' ಓದಿಲ್ಲದವರು ಓದಿ.

ಅಡ್ಯಾರ್ ಹೊಳೆ ಸಮುದ್ರ ಸೇರೋ ಜಾಗದಲ್ಲಿ ಊರೂರ್ ಓಲ್ಕಾಟ್ ಕುಪ್ಪಂ ಅಂತ ಬೆಸ್ತರ ಹಳ್ಳಿ ಇದೆ, ಬೆಸೆಂಟ್ ನಗರ ಬೀಚಿಗೆ ಅಂಟಿಕೊಂಡೇ. 2015ರಲ್ಲಿ ಟಿ.ಎಂ. ಕೃಷ್ಣ, ನಿತ್ಯಾನಂದ ಜಯರಾಮನ್ ಮತ್ತು ಹಳ್ಳಿಯವರು ಸೇರಿ ಅಲ್ಲಿ ಬಯಲಿನಲ್ಲಿ ಒಂದು ಉತ್ಸವ ಮಾಡಿದರು. ಕರ್ನಾಟಕ ಸಂಗೀತ ಇತ್ತು, ಜನಪದ ಕಲೆಗಳೂ ಇದ್ದವು, ಟಿಕೆಟ್ ಇರಲಿಲ್ಲ. ಎರಡು ಕಿಲೋಮೀಟರ್ ದೂರದ ಫ್ಲ್ಯಾಟಿನವರಲ್ಲಿ ಎಷ್ಟೋ ಜನ ಅವತ್ತೇ ಮೊದಲ ಸಲ ಆ ಬೀದಿಗೆ ಕಾಲಿಟ್ಟಿದ್ದು. ಉತ್ಸವಕ್ಕೆ ಎರಡನೇ ಊರು ಅಂದ್ರೆ ದೂರದ್ದೇ ಆಗಬೇಕಿಲ್ಲ, ಪಕ್ಕದ ಬೀದಿಯೂ ಆಗಬಹುದು ಅಂತ ನನಗೆ ಅನಿಸಿದ್ದು ಇದರಿಂದ.

ಕಾವೇರಿ ವಿಷಯ ಬಿಡೋಕಾಗಲ್ಲ. 2016ರ ಸೆಪ್ಟೆಂಬರಿನಲ್ಲಿ ಎರಡೂ ಕಡೆ ಗಲಾಟೆ ಆದಾಗ ಇಲ್ಲಿದ್ದ ನಾವು ಕೆಎ ನಂಬರಿನ ಗಾಡಿಗಳನ್ನ ಬೇಸ್‌ಮೆಂಟಿನಲ್ಲಿ ನಿಲ್ಲಿಸಿ ಕೂತಿದ್ವಿ, ನೆನಪಿದೆಯಲ್ವಾ? ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿ, ಅದೇ ನೀರು ತಿರುವಯ್ಯಾರಿನ ಸಮಾಧಿ ಮುಂದೆ ಹೋಗುತ್ತೆ. ನಾಗರತ್ನಮ್ಮ ತೀರಿಕೊಂಡಿದ್ದು 1952ರ ಮೇ ತಿಂಗಳಲ್ಲಿ. ಆಸ್ತಿಯನ್ನು ಟ್ರಸ್ಟಿಗೆ ಬರೆದಿಟ್ಟಿದ್ದರು. ಹೆಂಗಸರಿಗೆ ಅಲ್ಲಿ ಹಾಡುವ ಹಕ್ಕು ಇರಬೇಕು ಅನ್ನೋದು ಉಯಿಲಿನ ಷರತ್ತು. ಅವರ ಸಮಾಧಿ ತ್ಯಾಗರಾಜರ ಸಮಾಧಿಯ ಹತ್ತಿರವೇ ಇದೆ, ಅವರದೊಂದು ಮೂರ್ತಿ ಗುರುವಿನ ಕಡೆ ಮುಖ ಮಾಡಿ ಕೈಮುಗಿದು ಕೂತಿದೆ.

ಹೋಗೋರಿಗೆ: ಎಗ್ಮೋರಿನಿಂದ ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ತಂಜಾವೂರು. ಅಲ್ಲಿಂದ ತಿರುವಯ್ಯಾರಿಗೆ ಬಸ್ಸಿದೆ, ಹನ್ನೆರಡು ಹದಿಮೂರು ಕಿಲೋಮೀಟರ್. ಪಂಚಮಿಯ ದಿನ ಬೆಳಿಗ್ಗೆ ಬೇಗ ಹೋಗಿ, ತಡವಾದ್ರೆ ಚಪ್ಪರದ ಕಂಬ ಹಿಡ್ಕೊಂಡು ನಿಲ್ಲಬೇಕಾಗುತ್ತೆ. ಕನ್ನಡ ಲಿಪಿಯಲ್ಲಿ ಅಚ್ಚಾದ ಪಂಚರತ್ನದ ಪುಸ್ತಕ ಬೆಂಗಳೂರಿನಿಂದಲೇ ತಗೊಂಡು ಹೋಗಿ. ಮುಂದಿನ ಕಂತಿನಲ್ಲಿ ವಾಸುದೇವಾಚಾರ್ಯರ ಬಗ್ಗೆ ಮಾತಾಡೋಣ.