ಮರುಪ್ರಶ್ನೆ ಕೇಳದ ಓದುಗನಿಗಾಗಿ

ಬಹಳ ಹಿಂದಿನ ಮಾತು. ಹಳ್ಳಿಯೊಂದರ ಶಾಲೆಯಲ್ಲಿ ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಒಮ್ಮೆ ತರಬೇತಿಗಾಗಿ ಎರಡು ದಿನ ಹೋಗಬೇಕಾಗಿ ಬಂದಾಗ ತರಗತಿಯ ನಾಯಕನ ಕೈಗೆ ಒಂದು ಚೀಟಿ ಕೊಟ್ಟೆ: ‘ಎಲ್ಲರೂ ಲೆಕ್ಕಗಳನ್ನು ಬರೆದುಕೊಂಡ ಮೇಲೆ ಹಲಗೆಯನ್ನು ಪೂರ್ತಿ ಒರೆಸು.’ ಅದೇ ಹಲಗೆಯ ಮೇಲ್ಮೂಲೆಯಲ್ಲಿ ವಿದ್ಯಾರ್ಥಿವೇತನದ ಪರೀಕ್ಷೆಗೆ ಹೆಸರು ಕೊಟ್ಟವರ ಪಟ್ಟಿಯಿತ್ತು. ಹುಡುಗ ಅದನ್ನೂ ಒರೆಸಿಬಿಟ್ಟಿದ್ದ. ಮರಳಿ ಬಂದವನು ಅವನನ್ನು ಎಲ್ಲರೆದುರು ಗದರಿದೆ. ‘ಪೂರ್ತಿ ಅಂತ ಬರೆದಿದ್ರಲ್ಲ ಸಾರ್’ ಎಂದು ಅವನು ಚೀಟಿಯನ್ನು ಮುಂದೆ ಹಿಡಿದ. ನನ್ನ ಬಳಿ ಉತ್ತರವಿರಲಿಲ್ಲ.

ಈ ಪ್ರಸಂಗ ಮೊನ್ನೆ ನೆನಪಾದದ್ದು ಮೊಮ್ಮಗಳ ಮಾತಿನಿಂದ. ಅವಳು ತಂತ್ರಾಂಶಗಳಿಗೆ ಕೈಪಿಡಿ ಬರೆಯುವ ಕೆಲಸದಲ್ಲಿದ್ದಾಳೆ. ‘ತಾತ, ಈಗ ನಾನು ಬರೆದದ್ದನ್ನು ಮನುಷ್ಯರಿಗಿಂತ ಯಂತ್ರವೇ ಹೆಚ್ಚಾಗಿ ಓದುತ್ತದೆ’ ಎಂದಳು. ಕುತೂಹಲದಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಗಣಕಯಂತ್ರದ ಉಪಕರಣಗಳಿಗೆ ಅಚ್ಚುಕಟ್ಟಾದ ವಿವರಣೆ ಬರೆಯುವ ಪರಿಪಾಠ ಹಳೆಯದು. 1971ರ ನವೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯನ್ನು ಹೊರತಂದರು. ಪ್ರತಿಯೊಂದು ಆಜ್ಞೆಗೂ ಹೆಸರು, ಬಳಸುವ ರೀತಿ, ವಿವರಣೆ ಎಂಬ ಶೀರ್ಷಿಕೆಗಳು. ಅವುಗಳ ಜೊತೆಗೆ ‘ದೋಷಗಳು’ ಎಂಬ ಇನ್ನೊಂದು. ತಾವು ಮಾಡಿದ ವಸ್ತುವಿನ ಕುಂದನ್ನು ತಾವೇ ಬರೆದಿಡುವ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಕನ್ನಡದ ಮೇಷ್ಟರಾದವರಿಗೆ ಇಂತಹ ಕಟ್ಟು ಅಪರಿಚಿತವೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವನ್ನೇ ಹಿಡಿದವನು.

ಇನ್ನು ಅಂತರ್ಜಾಲದ ಪುಟಗಳನ್ನು ತೋರಿಸುವ ಬ್ರೌಸರನ್ನು ಮನುಷ್ಯನ ಕೈಯಿಲ್ಲದೆ ನಡೆಸುವ ಉಪಕರಣಗಳ ವಿಷಯ. 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿದ್ದ ಜೇಸನ್ ಹಗ್ಗಿನ್ಸ್ ಅವರು ಸೆಲೆನಿಯಂ ಎಂಬ ಉಪಕರಣವನ್ನು ರಚಿಸಿದರು. ಪ್ರತಿಸ್ಪರ್ಧಿ ಸಂಸ್ಥೆಯ ಹೆಸರು ಮರ್ಕ್ಯುರಿ, ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ವಿನೋದದಿಂದ ಆ ಹೆಸರು ಬಂತು. ಮುಂದೆ 2017ರಲ್ಲಿ ಗೂಗಲ್‌ನಿಂದ ಪಪೆಟಿಯರ್, 2020ರಲ್ಲಿ ಮೈಕ್ರೋಸಾಫ್ಟ್‌ನಿಂದ ಪ್ಲೇರೈಟ್ ಬಂದವು. ನಡುವೆ 2018ರಲ್ಲಿ, ಬ್ರೌಸರ್ ನಡೆಸುವ ‘ವೆಬ್‌ಡ್ರೈವರ್’ ವಿಧಾನವು ವಿಶ್ವವ್ಯಾಪಿ ಜಾಲದ ಒಕ್ಕೂಟದ ಅಧಿಕೃತ ಶಿಫಾರಸಾಯಿತು. ಇವೆಲ್ಲದರ ಕೈಪಿಡಿಗಳನ್ನು ಓದುತ್ತಿದ್ದವನು ಮನುಷ್ಯ. ಅರ್ಥವಾಗದಿದ್ದರೆ ಪಕ್ಕದವನನ್ನು ಕೇಳುತ್ತಿದ್ದ. ತಪ್ಪಾದರೆ ಪರದೆಯನ್ನು ನೋಡಿ ತಿದ್ದಿಕೊಳ್ಳುತ್ತಿದ್ದ.

2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಕ್ರಮವನ್ನು ಪ್ರಕಟಿಸಿತು. ಕೃತಕ ಬುದ್ಧಿಮತ್ತೆಯ ಏಜೆಂಟಿನ ಮುಂದೆ ಉಪಕರಣಗಳನ್ನು ಇಡುವ ರೀತಿ ಇದು: ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ವಿವರಣೆ, ಕೊಡಬೇಕಾದ ವಿವರಗಳ ಪಟ್ಟಿ. ಯಾವ ಉಪಕರಣವನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಏಜೆಂಟ್ ನಿರ್ಧರಿಸುವುದು ಬಹುಮಟ್ಟಿಗೆ ಆ ನಾಲ್ಕು ಸಾಲುಗಳನ್ನು ಓದಿಯೇ.

2025ರಲ್ಲಿ ಇದೇ ಕ್ರಮದಂತೆ ಪ್ಲೇರೈಟನ್ನೂ ಏಜೆಂಟುಗಳಿಗೆ ಒದಗಿಸಲಾಯಿತು. ಅಲ್ಲಿ ಏಜೆಂಟಿಗೆ ಮುಖ್ಯವಾಗಿ ಕಾಣುವುದು ಪುಟದ ಚಿತ್ರವಲ್ಲ, ‘ಇದು ಗುಂಡಿ, ಇದರ ಹೆಸರು ಸಲ್ಲಿಸು, ಇದು ಹೆಸರು ಬರೆಯುವ ಜಾಗ’ ಎಂಬಂತಹ ಪಟ್ಟಿ. ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಗಳಿಗೆಂದು ಬ್ರೌಸರುಗಳು ಸಿದ್ಧಪಡಿಸುತ್ತಿದ್ದ ಪಟ್ಟಿಯೇ ಇದು! ಗುಂಡಿಗೆ ಹೆಸರಿಡದೆ ಬರಿಯ ಚಿತ್ರ ಹಾಕಿದವರು ಅಂದು ದೃಷ್ಟಿಹೀನರನ್ನು ಕಾಡಿದರು, ಇಂದು ಏಜೆಂಟನ್ನೂ ದಾರಿ ತಪ್ಪಿಸುತ್ತಾರೆ.

ಒಳ್ಳೆಯ ವಿವರಣೆ ಎಂದರೇನು? ಮೊಮ್ಮಗಳು ಒಂದು ಉದಾಹರಣೆ ತೋರಿಸಿದಳು. ಆ ಪ್ಲೇರೈಟಿನಲ್ಲಿ ಪುಟದ ಚಿತ್ರ ತೆಗೆಯುವ ಉಪಕರಣವೂ ಉಂಟು. ಅದರ ವಿವರಣೆ ‘ಚಿತ್ರ ತೆಗೆಯುತ್ತದೆ’ ಎಂದಷ್ಟಕ್ಕೇ ನಿಲ್ಲದೆ, ಈ ಚಿತ್ರವನ್ನು ಆಧರಿಸಿ ಯಾವ ಕ್ರಿಯೆಯನ್ನೂ ಮಾಡಲಾಗದು, ಅದಕ್ಕೆ ಪಟ್ಟಿ ಕೊಡುವ ಉಪಕರಣವನ್ನು ಬಳಸು ಎಂದೂ ಹೇಳುತ್ತದೆ. ಏನು ಮಾಡಬಹುದು ಎಂಬುದರ ಜೊತೆಗೆ ಏನು ಆಗದು, ಆಗದಿದ್ದರೆ ಎಲ್ಲಿಗೆ ಹೋಗಬೇಕು ಎಂಬುದೂ ಒಂದೆರಡು ವಾಕ್ಯಗಳಲ್ಲಿ ಬಂದುಬಿಟ್ಟಿತು. ಹಾಗೆಯೇ ಪುಟ ಬದಲಾದೊಡನೆ ಹಳೆಯ ಪಟ್ಟಿಯ ಗುರುತುಗಳು ನಂಬಲರ್ಹವಲ್ಲ, ಹೊಸ ಪಟ್ಟಿ ಬೇಕು. ಅನುಭವಿ ಮನುಷ್ಯ ಇದನ್ನು ಊಹಿಸಿಯಾನು. ಏಜೆಂಟಿಗೆ ಬರೆದೇ ಹೇಳಬೇಕು. ಹಾಗೆಂದು ಉದ್ದಕ್ಕೆ ಬರೆಯುವಂತೆಯೂ ಇಲ್ಲ. ಏಜೆಂಟ್ ಒಮ್ಮೆಗೆ ಗಮನದಲ್ಲಿ ಇಟ್ಟುಕೊಳ್ಳಬಲ್ಲ ಬರಹಕ್ಕೆ ಮಿತಿಯಿದೆ; ಒಂದೊಂದು ಪದವೂ ಆ ಜಾಗವನ್ನು ತಿನ್ನುತ್ತದೆ.

ಇದು ಬರಿಯ ಭಾಷಾಶುದ್ಧಿಯ ಪ್ರಶ್ನೆಯಲ್ಲ. ಬೆಲೆ ನೋಡುವುದೂ ಒಂದು ಕ್ಲಿಕ್ಕು, ಹಣ ಪಾವತಿಸುವುದೂ ಒಂದು ಕ್ಲಿಕ್ಕು. ಉತ್ತರ ಬರುವುದು ತಡವಾದಾಗ ‘ಮತ್ತೊಮ್ಮೆ ಒತ್ತಬೇಡ, ಮೊದಲು ಸ್ಥಿತಿಯನ್ನು ನೋಡು’ ಎಂದು ತಿಳಿಸದಿದ್ದರೆ ಯಾರದೋ ಖಾತೆಯಿಂದ ಎರಡು ಬಾರಿ ಹಣ ಹೋದೀತು. ಅದಕ್ಕಾಗಿಯೇ 2025ರ ಮಾರ್ಚ್‌ನ ಪರಿಷ್ಕರಣೆಯಲ್ಲಿ, ಈ ಉಪಕರಣ ಬರಿದೆ ಓದುತ್ತದೆಯೋ, ಇದ್ದುದನ್ನು ಅಳಿಸಬಲ್ಲುದೋ, ಮತ್ತೆ ಮತ್ತೆ ಕರೆದರೆ ಅಪಾಯವಿಲ್ಲವೋ ಎಂದು ಸೂಚಿಸುವ ಗುರುತುಗಳನ್ನು ಸೇರಿಸಿದರು. ಅವು ಸೂಚನೆಗಳು ಮಾತ್ರ, ಅಪರಿಚಿತರು ಕೊಟ್ಟ ಉಪಕರಣದಲ್ಲಿ ಅವನ್ನು ನಂಬಕೂಡದು ಎಂಬ ಎಚ್ಚರಿಕೆಯೂ ಅಲ್ಲಿದೆ. 1971ರ ‘ದೋಷಗಳು’ ಶೀರ್ಷಿಕೆಯ ಮನೋಧರ್ಮವೇ ಇದು ಎಂದು ನನಗೆ ತೋರಿತು.

ಎಲ್ಲವನ್ನೂ ಕೇಳಿದ ಮೇಲೆ ನನ್ನ ಹಳೆಯ ಚೀಟಿಯ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. ‘ಈಗ ಬರೆಯುವುದಾದರೆ ಹೇಗೆ ಬರೀತೀರಿ ತಾತ?’ ಎಂದಳು. ‘ಲೆಕ್ಕಗಳನ್ನಷ್ಟೇ ಒರೆಸು. ಮೇಲ್ಮೂಲೆಯ ಪಟ್ಟಿಯನ್ನು ಮುಟ್ಟಬೇಡ. ಸಂದೇಹ ಬಂದರೆ ಒರೆಸದೆ ಬಿಡು, ನಾನು ಬಂದು ನೋಡುತ್ತೇನೆ.’ ಮೂರೇ ವಾಕ್ಯ. ಅಂದು ಅಷ್ಟು ಬರೆದಿದ್ದರೆ, ಹೇಳಿದ್ದನ್ನು ಹೇಳಿದಂತೆಯೇ ಮಾಡಿದ ಒಬ್ಬ ಹುಡುಗ ಎಲ್ಲರೆದುರು ತಲೆತಗ್ಗಿಸಬೇಕಾಗಿರಲಿಲ್ಲ.