ನೆನಪಿನ ಹಳ್ಳಿ ಮತ್ತು ಸುಳ್ಳದ ಕಣ

ಗ್ರಾಮಜೀವನದ ಇತಿಹಾಸಕ್ಕೆ ನೆನಪು ಎಷ್ಟರಮಟ್ಟಿಗೆ ಆಧಾರವಾಗಬಲ್ಲುದು? ಪ್ರೊ. ಎಂ. ಎನ್. ಶ್ರೀನಿವಾಸರ (1916–1999) ಗ್ರಂಥವೊಂದರಿಂದ ಈ ಪ್ರಶ್ನೆ ಉದ್ಭವಿಸುತ್ತದೆ. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲಸಿ ಸಂಗ್ರಹಿಸಿದ ಸಾಮಗ್ರಿಯಿಂದ ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಆಹುತಿಯಾದುವು. ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಅವರ ಪ್ರೋತ್ಸಾಹದಿಂದ ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು.

ಈ ಗ್ರಂಥದ ಬಲವಿರುವುದು ಅಂಕಿಸಂಖ್ಯೆಗಳಲ್ಲಿ ಅಲ್ಲ. ಗೌಡನ ಮುಂದೆ ಯಾರು ಹೇಗೆ ಮಾತನಾಡುತ್ತಿದ್ದರು, ಜಗಳ ಹೇಗೆ ಬೆಳೆದು ಹೇಗೆ ತೀರುತ್ತಿತ್ತು, ಉಪಕಾರವು ಹೇಗೆ ಋಣವಾಗುತ್ತಿತ್ತು ಎಂಬುವೇ ಅಲ್ಲಿ ಜೀವಂತವಾಗಿವೆ. ಅವರು 1950ರ ದಶಕದಲ್ಲಿ ಪ್ರತಿಪಾದಿಸಿದ ‘ಪ್ರಬಲ ಜಾತಿ’ಯ ಕಲ್ಪನೆಗೆ ಇಂತಹ ದಿನದಿನದ ವ್ಯವಹಾರವೇ ಮೈಗೊಟ್ಟಿದೆ.

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಲ್ಲಿ ಆಯದ ಪದ್ಧತಿಯನ್ನು ಕುರಿತು ವೃದ್ಧರನ್ನು ವಿಚಾರಿಸಿದಾಗ ನಮಗೆ ಈ ಗ್ರಂಥವು ಮತ್ತೆ ಮತ್ತೆ ಸ್ಮರಣೆಗೆ ಬಂದಿತು. ಬಡಿಗ, ಕಂಬಾರ, ಕ್ಷೌರಿಕ ಮೊದಲಾದವರು ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ರೈತನ ಕಣದಿಂದ ಪಡೆಯುತ್ತಿದ್ದ ಧಾನ್ಯದ ಪಾಲೇ ಆಯ. ಎಷ್ಟು ಸೇರು ಜೋಳ ಸಲ್ಲುತ್ತಿತ್ತು ಎಂದರೆ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಆದರೆ ಯಾರು ಮೇಟಿಯ ಬಳಿಗೆ ಬರಬಹುದಾಗಿತ್ತು, ಯಾರು ಕಣದ ಅಂಚಿನಲ್ಲಿಯೇ ನಿಂತು ಸೆರಗೊಡ್ಡಬೇಕಾಗಿತ್ತು ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅಳತೆ ಮರೆತಿದೆ, ನಿಂತ ಜಾಗ ಮರೆತಿಲ್ಲ.

ಹೊಲದ ಒಡೆಯರು ಇದನ್ನು ಒಂದೇ ಮನೆಯವರಂತೆ ಬಾಳಿದ ಕಾಲವೆಂದು ಬಣ್ಣಿಸಿದರು. ಆಯ ಪಡೆದ ಮನೆತನದ ಹಿರಿಯರೊಬ್ಬರು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಕೊಟ್ಟವರಿಗೆ ಕೊಟ್ಟದ್ದು ನೆನಪೈತಿ, ನಮಗ ಕಾದದ್ದು ನೆನಪೈತಿ” ಎಂದರು. ಮೊದಲ ದಿನ ಒಡೆಯರ ಕಟ್ಟೆಯ ಮೇಲೆ ಕುಳಿತೇ ಟಿಪ್ಪಣಿ ಬರೆದುಕೊಂಡು ಹಿಂದಿರುಗಿದ್ದ ನಮ್ಮ ತಪ್ಪು ಆಗ ಅರಿವಾಯಿತು.

ಶ್ರೀನಿವಾಸರೂ ಊರ ಗೌಡನ ಆಶ್ರಯದಲ್ಲಿ, ಮೇಲ್ಜಾತಿಯವರ ನಡುವೆ ವಾಸಿಸಿದವರು. ದಲಿತರ ಅಥವಾ ಮುಸಲ್ಮಾನರ ಕೇರಿಯಿಂದ ನೋಡಿದ್ದರೆ ಊರು ಬೇರೆಯಾಗಿ ತೋರುತ್ತಿತ್ತೆಂಬುದನ್ನು ಅವರು ಮುಚ್ಚಿಡಲಿಲ್ಲ. ಈ ಪ್ರಾಮಾಣಿಕತೆಯನ್ನು ಮೆಚ್ಚಿದರೂ ಆ ಕೊರತೆ ತುಂಬಿತೆನ್ನಲಾಗದು. ಊರಿಗೆ ‘ರಾಂಪುರ’ವೆಂಬ ಕಲ್ಪಿತ ನಾಮವನ್ನಿಟ್ಟದ್ದು ಸಮಾಜಶಾಸ್ತ್ರಜ್ಞರ ಸೌಜನ್ಯವಾದರೂ, ದಫ್ತರಗಳೊಡನೆ ತಾಳೆ ನೋಡಬಯಸುವ ಇತಿಹಾಸಕಾರನಿಗೆ ಅದೊಂದು ತೊಡಕು. ಧಾರವಾಡದಲ್ಲಿ ಅಧ್ಯಾಪಕರಾಗಿದ್ದ ಕೆ. ಈಶ್ವರನ್ ಅವರು 1968ರಲ್ಲಿ ಪ್ರಕಟಿಸಿದ ಗ್ರಾಮಾಧ್ಯಯನದ ‘ಶಿವಾಪುರ’ವೂ ಹಾಗೆಯೇ.

ಆದಕಾರಣ ಸುಳ್ಳದಲ್ಲಿ ಸಂಗ್ರಹಿಸಿದ ಪ್ರತಿಯೊಂದು ಹೇಳಿಕೆಯ ಪಕ್ಕದಲ್ಲಿಯೂ, ಅದನ್ನು ಯಾರ ಮನೆಯ ಬಾಗಿಲಲ್ಲಿ, ಯಾರ ಸಮ್ಮುಖದಲ್ಲಿ ಕೇಳಿದೆವೆಂಬುದನ್ನು ದಾಖಲಿಸತೊಡಗಿದ್ದೇವೆ. ಆ ಹಿರಿಯರ ಮಾತಿಗೆ ಅವರ ಮೊಮ್ಮಗನೊಬ್ಬನೇ ಸಾಕ್ಷಿ. ಅವನಿಗೆ ಕಣವೆಂದರೇನೆಂಬುದನ್ನು ಮೊದಲು ವಿವರಿಸಬೇಕಾಯಿತು.