ನೋಟು ಜೋಡಿಸುವ ಲೆಕ್ಕಗಳು: ಗಣಿತಸಾರಸಂಗ್ರಹದಿಂದ ಹುಂಡಿ ಎಣಿಕೆಯವರೆಗೆ

ಇಂತಿಷ್ಟು ಮೊತ್ತವನ್ನು ಇಂತಿಷ್ಟೇ ನೋಟುಗಳಲ್ಲಿ ಕೊಡಬೇಕು, ಪ್ರತಿ ಮುಖಬೆಲೆಯ ನೋಟು ಎಷ್ಟೆಷ್ಟು ಎಂದು ಕೇಳುವ ಲೆಕ್ಕಗಳನ್ನು ನೋಟು ಜೋಡಣೆಯ ಲೆಕ್ಕಗಳು ಎನ್ನಬಹುದು. ಶಾಲೆಯ ಮಕ್ಕಳಿಗೆ, ಬ್ಯಾಂಕ್ ಮತ್ತು ಸರ್ಕಾರಿ ಹುದ್ದೆಗಳ ಪರೀಕ್ಷೆ ಬರೆಯುವವರಿಗೆ, ಅಂಗಡಿಯ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವರಿಗೆ, ಬಸದಿಯ ಹುಂಡಿ ಎಣಿಸುವವರಿಗೆ ಇವು ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತವೆ. ಈ ಬಗೆಯ ಲೆಕ್ಕವನ್ನು ಸುಮಾರು 1,150 ವರ್ಷಗಳ ಹಿಂದೆ ಕನ್ನಡ ನಾಡನ್ನಾಳಿದ ರಾಷ್ಟ್ರಕೂಟರ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಸೂತ್ರಸಹಿತ ವಿವರಿಸಿದ್ದಾರೆ.

ಒಂದು ಉದಾಹರಣೆ

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಕಿರಾಣಿ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಸಂತೆಯ ದಿನ ಸಂಜೆ ಗಲ್ಲೆಯಲ್ಲಿ 100, 50 ಮತ್ತು 20 ರೂಪಾಯಿಯ ನೋಟುಗಳಿವೆ. ಒಟ್ಟು ನೋಟು 20, ಒಟ್ಟು ಮೊತ್ತ 1,000 ರೂ. ಮೂರೂ ಬಗೆಯ ನೋಟು ಇವೆ ಎಂಬುದು ಗೊತ್ತು. ಯಾವುದು ಎಷ್ಟು?

ಬೀಜಗಣಿತ ಕಲಿಯದ ಮಕ್ಕಳೂ ಇದನ್ನು ಬಿಡಿಸಬಹುದು. ಮೊದಲು ಎಲ್ಲ ನೋಟುಗಳೂ ಅತಿ ಚಿಕ್ಕ ಮುಖಬೆಲೆಯವು ಎಂದುಕೊಳ್ಳಬೇಕು. 20 ನೋಟುಗಳೂ 20 ರೂಪಾಯಿಯವಾದರೆ 400 ರೂ. ಆಗುತ್ತದೆ, 600 ರೂ. ಕಡಿಮೆ ಬೀಳುತ್ತದೆ. ಈಗ ಒಂದು 20ರ ನೋಟು ತೆಗೆದು 50ರ ನೋಟು ಇಟ್ಟರೆ 30 ರೂ. ಏರುತ್ತದೆ, 100ರ ನೋಟು ಇಟ್ಟರೆ 80 ರೂ. ಏರುತ್ತದೆ. ಹಾಗಾದರೆ 30 ಮತ್ತು 80ಗಳನ್ನು ಸೇರಿಸಿ 600 ಮಾಡುವ ದಾರಿ ಹುಡುಕಿದರೆ ಸಾಕು.

80ನ್ನು ಒಂದೊಂದೇ ಹೆಚ್ಚಿಸುತ್ತ ನೋಡಬೇಕು. 80 × 3 = 240; ಉಳಿದ 360 ಎಂದರೆ 30 × 12. ಸರಿಹೊಂದಿತು. 80 × 6 = 480; ಉಳಿದ 120 ಎಂದರೆ 30 × 4. ಇದೂ ಸರಿಹೊಂದಿತು. 100ರ ನೋಟು 1, 2, 4, 5 ಅಥವಾ 7 ಎಂದುಕೊಂಡರೆ ಉಳಿದ ಮೊತ್ತ 30ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಆದ್ದರಿಂದ ಉತ್ತರಗಳು ಎರಡು:

- 100ರ ನೋಟು 3, 50ರ ನೋಟು 12, 20ರ ನೋಟು 5 (300 + 600 + 100)
- 100ರ ನೋಟು 6, 50ರ ನೋಟು 4, 20ರ ನೋಟು 10 (600 + 200 + 200)

ಮೂರೂ ಬಗೆ ಇರಲೇಬೇಕೆಂಬ ಷರತ್ತು ಬಿಟ್ಟರೆ 50ರ 20 ನೋಟು ಎಂಬ ಮೂರನೆಯ ಉತ್ತರವೂ ಬರುತ್ತದೆ. "20ರ ನೋಟುಗಳು 50ರ ನೋಟುಗಳಿಗಿಂತ ಹೆಚ್ಚಿವೆ" ಎಂಬ ಷರತ್ತು ಸೇರಿಸಿದರೆ ಎರಡನೆಯ ಉತ್ತರವೊಂದೇ ಉಳಿಯುತ್ತದೆ. ಈ ಲೆಕ್ಕಗಳಲ್ಲಿ ಒಂದು ಉತ್ತರ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೊಟ್ಟ ಷರತ್ತುಗಳಿಗೆ ಉತ್ತರ ಒಂದೇಯೋ, ಹಲವೋ, ಇಲ್ಲವೇ ಇಲ್ಲವೋ ಎಂದು ಹೇಳಿದಾಗಲೇ ಲೆಕ್ಕ ಪೂರ್ಣ. ಪುಸ್ತಕದಲ್ಲಿ ಮೊದಲ ಉತ್ತರ ಮಾತ್ರ ಇದ್ದು ಮಗು ಎರಡನೆಯದನ್ನು ಬರೆದರೆ ಅದನ್ನು ತಪ್ಪೆಂದು ಹೊಡೆದುಹಾಕಬಾರದು.

ಉತ್ತರವೇ ಇಲ್ಲದ ಲೆಕ್ಕ

1,000 ರೂಪಾಯಿಯನ್ನು 100 ಮತ್ತು 500ರ ಒಟ್ಟು 7 ನೋಟುಗಳಲ್ಲಿ ಕೊಡಬಹುದೇ? ಎರಡು ಮುಖಬೆಲೆಗಳನ್ನೂ ನೂರುಗಳಲ್ಲಿ ನೋಡಿದರೆ 1 ಮತ್ತು 5. ಎರಡೂ ಬೆಸ ಸಂಖ್ಯೆಗಳು. ಏಳು ಬೆಸ ಸಂಖ್ಯೆಗಳನ್ನು ಕೂಡಿದರೆ ಮೊತ್ತ ಬೆಸವೇ ಆಗುತ್ತದೆ. ಬೇಕಾದದ್ದು 10 ನೂರು, ಅದು ಸಮಸಂಖ್ಯೆ. ಆದ್ದರಿಂದ ಸಾಧ್ಯವಿಲ್ಲ. ಹೀಗೆ ಸಮ–ಬೆಸ ನೋಡಿದರೆ ಎಷ್ಟೋ ಲೆಕ್ಕಗಳನ್ನು ಕೂಡಿ ಕಳೆಯದೆಯೇ ಬದಿಗಿಡಬಹುದು.

ಆದರೆ ಸಮಸಂಖ್ಯೆ ಎಂದಮಾತ್ರಕ್ಕೆ ಉತ್ತರ ಇರಲೇಬೇಕೆಂದೇನೂ ಇಲ್ಲ. 8 ನೋಟುಗಳಲ್ಲಿ ಕೊಡಬೇಕೆಂದರೆ, ಎಲ್ಲವೂ 100ರವು ಎಂದುಕೊಂಡಾಗ 800 ಆಗಿ 200 ಕಡಿಮೆ ಬೀಳುತ್ತದೆ. ಒಂದು ನೋಟು ಬದಲಿಸಿದರೆ ಏರುವುದು 400. ಹಾಗಾಗಿ ಇದೂ ಆಗದು. 1,000 ರೂಪಾಯಿಗೆ ಈ ಎರಡು ಮುಖಬೆಲೆಗಳಲ್ಲಿ ಸಾಧ್ಯವಾಗುವುದು 2, 6 ಅಥವಾ 10 ನೋಟುಗಳು ಮಾತ್ರ.

ಹೊಸ ಮುಖಬೆಲೆ ಬಂದರೆ ದಾರಿಗಳು ಹೆಚ್ಚುತ್ತವೆ. 500 ರೂಪಾಯಿಯನ್ನು ನೂರರ ನೋಟುಗಳಲ್ಲಷ್ಟೇ ಕೊಡುವ ದಾರಿ ಒಂದೇ. 2017ರ ಆಗಸ್ಟ್‌ನಲ್ಲಿ 200ರ ನೋಟು ಬಂದ ಮೇಲೆ, ಆ ಎರಡನ್ನೇ ಬಳಸಿದರೂ ಮೂರು ದಾರಿಗಳಾದವು: ಐದು ನೂರು, ಒಂದು ಇನ್ನೂರು ಮತ್ತು ಮೂರು ನೂರು, ಎರಡು ಇನ್ನೂರು ಮತ್ತು ಒಂದು ನೂರು.

ಮಹಾವೀರಾಚಾರ್ಯರ ನೂರು ಪಕ್ಷಿಗಳು

ಮಹಾವೀರಾಚಾರ್ಯರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಕಾಲದವರು. ಅವರ 'ಗಣಿತಸಾರಸಂಗ್ರಹ' ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ಸಂಸ್ಕೃತ ಗ್ರಂಥ. ಇದರಲ್ಲಿ ಒಂಬತ್ತು ಅಧ್ಯಾಯಗಳಿವೆ. ತೀರ್ಥಂಕರ ಮಹಾವೀರರಿಗೆ ನಮಿಸಿ ಆರಂಭವಾಗುವ ಈ ಗ್ರಂಥ ಜ್ಯೋತಿಷವನ್ನು ಬೆರೆಸದೆ ಗಣಿತವನ್ನಷ್ಟೇ ಹೇಳುತ್ತದೆ. ಅಡುಗೆ, ವೈದ್ಯ, ಸಂಗೀತ, ವಾಸ್ತು ಮೊದಲಾದ ಎಲ್ಲೆಡೆಯೂ ಗಣಿತ ಬೇಕೆಂದು ಆಚಾರ್ಯರು ಆರಂಭದಲ್ಲೇ ತಿಳಿಸುತ್ತಾರೆ.

ಆಗ ಕಾಗದದ ನೋಟು ಇರಲಿಲ್ಲ. ಆದರೆ ಆರನೆಯದಾದ ಮಿಶ್ರಕವ್ಯವಹಾರದಲ್ಲಿ ಬರುವ ಪಕ್ಷಿಗಳ ಲೆಕ್ಕ ಇಂದಿನ ನೋಟು ಜೋಡಣೆಯ ಲೆಕ್ಕದ ಜಾತಿಯದೇ. ಅದರ ಸಾರಾಂಶ ಹೀಗಿದೆ: 3 ಪಣಕ್ಕೆ 5 ಪಾರಿವಾಳ, 5 ಪಣಕ್ಕೆ 7 ಸಾರಸ, 7 ಪಣಕ್ಕೆ 9 ಹಂಸ, 9 ಪಣಕ್ಕೆ 3 ನವಿಲು. ರಾಜಕುಮಾರನ ವಿನೋದಕ್ಕಾಗಿ 100 ಪಣಕ್ಕೆ ಸರಿಯಾಗಿ 100 ಪಕ್ಷಿಗಳನ್ನು ತರಬೇಕು.

ಇಲ್ಲಿ ನೋಟುಗಳ ಸಂಖ್ಯೆಯ ಜಾಗದಲ್ಲಿ ಪಕ್ಷಿಗಳ ಸಂಖ್ಯೆ, ಮೊತ್ತದ ಜಾಗದಲ್ಲಿ ಪಣ ಇದೆ. ಪಾರಿವಾಳ, ಸಾರಸ, ಹಂಸಗಳ ಪ್ರತಿ ಗುಂಪಿನಲ್ಲೂ ಪಣಕ್ಕಿಂತ ಪಕ್ಷಿ 2 ಹೆಚ್ಚು. ನವಿಲಿನ ಗುಂಪಿನಲ್ಲಿ ಪಕ್ಷಿಗಿಂತ ಪಣ 6 ಹೆಚ್ಚು. ಕೊನೆಗೆ ಎರಡೂ ನೂರಕ್ಕೆ ಸಮನಾಗಬೇಕಾದ್ದರಿಂದ ನವಿಲಿನ ಒಂದು ಗುಂಪಿಗೆ ಉಳಿದವುಗಳ ಮೂರು ಗುಂಪು ಇರಲೇಬೇಕು.

ನವಿಲಿನ 4 ಗುಂಪು ತೆಗೆದುಕೊಂಡರೆ 12 ನವಿಲು, 36 ಪಣ. ಉಳಿದ 12 ಗುಂಪುಗಳಲ್ಲಿ 88 ಪಕ್ಷಿಗಳು ಬರಬೇಕು. ಎಲ್ಲವೂ ಪಾರಿವಾಳ ಎಂದುಕೊಂಡರೆ 60, 28 ಕಡಿಮೆ. ಒಂದು ಗುಂಪನ್ನು ಸಾರಸಕ್ಕೆ ಬದಲಿಸಿದರೆ 2, ಹಂಸಕ್ಕೆ ಬದಲಿಸಿದರೆ 4 ಏರುತ್ತದೆ. ಸಾರಸ 4 ಗುಂಪು, ಹಂಸ 5 ಗುಂಪು ಮಾಡಿದರೆ 8 + 20 = 28. ಹೀಗೆ 15 ಪಾರಿವಾಳ (9 ಪಣ), 28 ಸಾರಸ (20 ಪಣ), 45 ಹಂಸ (35 ಪಣ), 12 ನವಿಲು (36 ಪಣ) ಎಂಬ ಉತ್ತರ ಸಿಗುತ್ತದೆ. ಇದೊಂದೇ ಅಲ್ಲ. 20 ಪಾರಿವಾಳ, 14 ಸಾರಸ, 54 ಹಂಸ, 12 ನವಿಲು ಎಂದರೂ ಸರಿಯೇ. ನಾಲ್ಕೂ ಬಗೆಯನ್ನು ಪೂರ್ಣ ಗುಂಪುಗಳಲ್ಲೇ ಕೊಳ್ಳುವುದಾದರೆ ಒಟ್ಟು ಆರು ಉತ್ತರಗಳಿವೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ 'ಬೀಜಗಣಿತ'ದಲ್ಲೂ ಇದೇ ಲೆಕ್ಕ ಬರುತ್ತದೆ.

ದಾರಿಯಲ್ಲಿ ಸಿಕ್ಕ ಗಂಟು

ಅದೇ ಅಧ್ಯಾಯದ ಇನ್ನೊಂದು ಲೆಕ್ಕದಲ್ಲಿ ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಗಂಟು ಕಾಣುತ್ತದೆ. ಗಂಟು ತನಗೆ ಸಿಕ್ಕರೆ ಉಳಿದಿಬ್ಬರ ಹಣದ ಎರಡರಷ್ಟು ತನ್ನದಾಗುತ್ತದೆ ಎನ್ನುತ್ತಾನೆ ಮೊದಲನೆಯವ. ತನಗೆ ಸಿಕ್ಕರೆ ಮೂರರಷ್ಟು ಎನ್ನುತ್ತಾನೆ ಎರಡನೆಯವ, ಐದರಷ್ಟು ಎನ್ನುತ್ತಾನೆ ಮೂರನೆಯವ. ಚಿಕ್ಕ ಉತ್ತರ: ಗಂಟಿನಲ್ಲಿ 15, ವ್ಯಾಪಾರಿಗಳ ಬಳಿ ಕ್ರಮವಾಗಿ 1, 3, 5. ತಾಳೆ ನೋಡಿದರೆ 1 + 15 = 16, ಅದು (3 + 5)ರ ಎರಡರಷ್ಟು; 3 + 15 = 18, ಅದು (1 + 5)ರ ಮೂರರಷ್ಟು; 5 + 15 = 20, ಅದು (1 + 3)ರ ಐದರಷ್ಟು. ನಾಲ್ಕೂ ಸಂಖ್ಯೆಗಳನ್ನು ಒಂದೇ ಸಂಖ್ಯೆಯಿಂದ ಗುಣಿಸಿದರೆ ಬೇರೆ ಉತ್ತರಗಳೂ ಸಿಗುತ್ತವೆ.

ಹಾವೇರಿ ಸೀಮೆಯ ನಂಟು

ಮಹಾವೀರಾಚಾರ್ಯರಿಗೆ ಆಶ್ರಯವಿತ್ತ ಕಾಲದ ನೆನಪು ಈ ಸೀಮೆಯಲ್ಲೂ ಇದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಅಮೋಘವರ್ಷನ ಸೇನಾನಿ ಬಂಕೆಯನಿಂದ ಹೆಸರು ಬಂದಿದೆ. ಗುಣಭದ್ರಾಚಾರ್ಯರ 'ಉತ್ತರಪುರಾಣ'ದ ಪ್ರಶಸ್ತಿ ಶಕ 820ರಲ್ಲಿ ಇದೇ ಬಂಕಾಪುರವನ್ನು ಹೆಸರಿಸುತ್ತದೆ. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಬರೆದು ಗಣಿತವನ್ನು ಕನ್ನಡಕ್ಕೆ ತಂದ.

'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಡಾ. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಸೇರಿಸಿದ ಆವೃತ್ತಿಯನ್ನು ಹೊಂಬುಜ ಜೈನ ಮಠ 2000ದಲ್ಲಿ ಹೊರತಂದಿತು. ಆ ಹೊಂಬುಜದ ಸೀಮೆಯಲ್ಲಿ ಹುಟ್ಟುವ ಕುಮುದ್ವತಿ ನದಿಯೇ ಕೆಳಗೆ ಹರಿದು ರಟ್ಟೀಹಳ್ಳಿಯನ್ನು ಮುಟ್ಟುತ್ತದೆ.

ಹುಂಡಿ ಎಣಿಕೆಯಲ್ಲಿ ಉಪಯೋಗ

ರಟ್ಟೀಹಳ್ಳಿಯ ಗಲ್ಲೆಯ ಉದಾಹರಣೆಯಲ್ಲಿ ಎರಡು ಬೇರೆ ಬೇರೆ ಜೋಡಣೆಗಳಿಗೆ ನೋಟುಗಳ ಸಂಖ್ಯೆಯೂ ಒಂದೇ, ಮೊತ್ತವೂ ಒಂದೇ. ಆದ್ದರಿಂದ "ಒಟ್ಟು ನೋಟು ಇಷ್ಟು, ಮೊತ್ತ ಇಷ್ಟು" ಎಂದು ಮಾತ್ರ ಬರೆದಿಟ್ಟರೆ ಪೆಟ್ಟಿಗೆಯಲ್ಲಿ ನಿಜವಾಗಿ ಏನಿತ್ತು ಎಂಬುದು ದಾಖಲಾಗುವುದಿಲ್ಲ. ಬಸದಿಯ ಹುಂಡಿ, ಪಂಚಕಲ್ಯಾಣದ ಕಾಣಿಕೆ, ಸಂಘದ ವಂತಿಗೆಗಳನ್ನು ಎಣಿಸುವಾಗ ಪ್ರತಿ ಮುಖಬೆಲೆಯ ನೋಟು ಎಷ್ಟೆಂದು ಅಲ್ಲೇ ಬರೆದು, ಇಬ್ಬರು ತಾಳೆ ನೋಡಿ ಸಹಿ ಹಾಕುವುದು ಒಳ್ಳೆಯ ಪದ್ಧತಿ.

ಲೆಕ್ಕ ತಪ್ಪಿದಾಗಲೂ ಇದೇ ಗಣಿತ ನೆರವಾಗುತ್ತದೆ. ವ್ಯತ್ಯಾಸ 400 ಬಂದರೆ 100ರ ನೋಟನ್ನು 500 ಎಂದು, 300 ಬಂದರೆ 200ರ ನೋಟನ್ನು 500 ಎಂದು, 30 ಬಂದರೆ 20ರ ನೋಟನ್ನು 50 ಎಂದು ಎಣಿಸಿರಬಹುದು. ವ್ಯತ್ಯಾಸ 9ರಿಂದ ಭಾಗವಾದರೆ ಬರೆಯುವಾಗ ಅಂಕಿ ಅದಲುಬದಲಾಗಿರಬಹುದು. 540ನ್ನು 450 ಎಂದು ಬರೆದರೆ 90 ವ್ಯತ್ಯಾಸ ಬರುತ್ತದೆ. ಆದರೆ 10ರ ನೋಟನ್ನು 100 ಎಂದು ಎಣಿಸಿದರೂ ಅದೇ 90. ಹೀಗಾಗಿ ಇವು ಸುಳಿವುಗಳು ಮಾತ್ರ. ಯಾರ ಮೇಲಾದರೂ ಸಂಶಯ ಪಡುವ ಮುನ್ನ ಕಟ್ಟು ಬಿಚ್ಚಿ ಮತ್ತೊಮ್ಮೆ ಎಣಿಸಬೇಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳನ್ನು ಹೇಳುತ್ತದೆ. ಕೂಟಲೇಖಕ್ರಿಯೆ ಎಂದರೆ ಸುಳ್ಳು ಬರಹ. ನಂಬಿ ಹಣ ಇಟ್ಟುಹೋದವರು ಎಷ್ಟೆಂದು ಮರೆತು ಕಡಿಮೆ ಕೇಳಿದಾಗ "ಹೌದು, ಅಷ್ಟೇ" ಎಂದು ಉಳಿದದ್ದನ್ನು ಇಟ್ಟುಕೊಳ್ಳುವುದು ನ್ಯಾಸಾಪಹಾರ. ಇಟ್ಟವರಿಗೆ ನೆನಪಿಲ್ಲದಿದ್ದರೂ ಇಟ್ಟುಕೊಂಡವರ ಲೆಕ್ಕ ಸರಿಯಾಗಿರಬೇಕು ಎಂಬುದು ಇದರ ತಾತ್ಪರ್ಯ. ಮುಖಬೆಲೆವಾರು ಲೆಕ್ಕ ಬರೆದಿಡುವುದು ಆ ವ್ರತಕ್ಕೆ ಒದಗುವ ಅಭ್ಯಾಸ.

ಅಭ್ಯಾಸಕ್ಕೆ

1. 500 ರೂಪಾಯಿಯನ್ನು 10, 50 ಮತ್ತು 100ರ ಒಟ್ಟು 15 ನೋಟುಗಳಲ್ಲಿ ಕೊಡಿ.
2. 10, 20 ಮತ್ತು 50ರ ನೋಟುಗಳಿಂದ 100 ರೂಪಾಯಿಯನ್ನು ಎಷ್ಟು ಬಗೆಯಲ್ಲಿ ಕೊಡಬಹುದು? ಯಾವುದೇ ಮುಖಬೆಲೆಯನ್ನು ಬಿಡಲೂಬಹುದು.
3. 2,000 ರೂಪಾಯಿಯನ್ನು 100 ಮತ್ತು 500ರ ಒಟ್ಟು 13 ನೋಟುಗಳಲ್ಲಿ ಕೊಡಲು ಸಾಧ್ಯವೇ?

ಉತ್ತರಗಳು: (1) 10ರ ನೋಟು 10, 50ರ ನೋಟು 2, 100ರ ನೋಟು 3, ಬೇರೆ ಉತ್ತರವಿಲ್ಲ. (2) 10 ಬಗೆ: 50ರ ನೋಟು ಇಲ್ಲದೆ 6, ಒಂದಿದ್ದರೆ 3, ಎರಡಿದ್ದರೆ 1. (3) ಸಾಧ್ಯವಿಲ್ಲ, 13 ಬೆಸ, 20 ನೂರು ಸಮ.